ಮನೆ, ಅಂಗಡಿ, ಬಸ್ ಸ್ಟಾಪು, ಮನೆ

ಗಿರಗಿಟ್ಲೆ ಸತ್ತು ಒಂಬತ್ತು ವಾರವಾದ ಮೇಲೆ, ಒಂದು ಸೋಮವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ, ಅವಳು ಮನೆಗೆ ಬಂದಳೆಂದು ಅವಳ ಅಪ್ಪನ ಫೋನಿಗೆ ಸಂದೇಶ ಬಂತು.

ಅಪ್ಪ ಆಗ ಒಂದು ಐದಂತಸ್ತಿನ ಕಟ್ಟಡದಲ್ಲಿ ಲಿಫ್ಟಿನ ತಲೆಯ ಮೇಲೆ ನಿಂತು ಉಕ್ಕಿನ ಹಗ್ಗ ಒರೆಸುತ್ತಿದ್ದ. ಲಿಫ್ಟ್ ರಿಪೇರಿ ಅವನ ಕೆಲಸ, ಬೀದಿಯವರಿಗೆಲ್ಲ ಅವನು ಮೇಸ್ತ್ರಿ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದು ನೋಡಿದ. ‘ಮನೆ ತೆರೆದವರು: ನಾನು ಬಂದೆ, ಹಸಿವು.’ ಎರಡು ಸಲ ಓದಿದ. ಮೂರನೆಯ ಸಲ ಓದಲು ಹೋದಾಗ ಅಕ್ಷರ ಕಾಣಿಸಲಿಲ್ಲ.

ಇದರ ಹಿಂದಿನದನ್ನು ಸ್ವಲ್ಪ ಹೇಳಬೇಕು. ಹೋದ ವರ್ಷ ಪಕ್ಕದ ಮನೆಯಲ್ಲಿ ಕಳ್ಳತನವಾದಾಗ, ನಮ್ಮ ಮನೆಗೂ ಅಲಾರಂ ಹಾಕಿಸೋಣ ಎಂದು ಜೀವ ತಿಂದವಳು ಗಿರಗಿಟ್ಲೆಯೇ. ನಿಂತಲ್ಲಿ ನಿಲ್ಲದ ಹುಡುಗಿ, ಅದಕ್ಕೇ ಆ ಹೆಸರು. ಅಲಾರಂ ಬಂತು. ಮುಂಬಾಗಿಲ ಒಳಗೆ ಗೋಡೆಯ ಮೇಲೆ ಅಂಕಿಗಳ ಗುಂಡಿಪೆಟ್ಟಿಗೆ, ಹೊರಗೆ ಮಾಡಿನ ಕೆಳಗೆ ಕವುಚಿದ ಬಟ್ಟಲಿನಂಥ ಸೈರನ್. ಹೊರಗೆ ಹೋಗುವಾಗ ಬೀಗದ ಚಿತ್ರವಿರುವ ಗುಂಡಿ ಒತ್ತಿದರೆ ಸಾಕು. ಒಳಗೆ ಬಂದಾಗ ಮಾತ್ರ ಅರ್ಧ ನಿಮಿಷದೊಳಗೆ ನಿಮ್ಮ ನಾಲ್ಕಂಕಿ ಒತ್ತಬೇಕು. ಇಲ್ಲದಿದ್ದರೆ ಬೀದಿ ಎದ್ದು ಕೂರುತ್ತದೆ. ಜೊತೆಗೆ ಬಂದ ಪುಸ್ತಕವನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ಹೀಗಾಗಿ ಅಧಿಕಾರವೂ ಅವಳದೇ.

“ಇನ್ನು ಮೇಲೆ ನನ್ನ ಅಪ್ಪಣೆ ಇಲ್ದೆ ಈ ಮನೆಯೊಳಗೆ ಜಿರಳೆ ಕೂಡ ಬರೋ ಹಾಗಿಲ್ಲ” ಎಂದಿದ್ದಳು.

ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟಳು. ಯಾರು ಒತ್ತಿದರೆ ಅವರ ಹೆಸರು ಅಪ್ಪನ ಫೋನಿಗೆ ಹೋಗುವ ಹಾಗೆ ಮಾಡಿದಳು. ಹೆಸರೆಂದರೆ ಹೆಸರಲ್ಲ. ಅಪ್ಪ ‘ಯಜಮಾನರ ಸವಾರಿ’. ಔಷಧಿ ಅಂಗಡಿಯಲ್ಲಿ ದುಡಿಯುವ ಅಮ್ಮ ‘ಹೈಕಮಾಂಡ್’. ಬೇಕರಿಯಿಂದ ಮೈಯೆಲ್ಲ ಮೈದಾ ಮಾಡಿಕೊಂಡು ಬರುವ ಅಣ್ಣ ‘ಹಿಟ್ಟಿನ ಮೂಟೆ’. ಅಪ್ಪನ ತಾಯಿ, ಅಂದರೆ ಅಜ್ಜಿ, ‘ಮಹಾರಾಣಿ’. ತನಗೆ ‘ನಾನು ಬಂದೆ, ಹಸಿವು’ ಎಂದು ಬರೆದುಕೊಂಡಿದ್ದಳು, ಕಾಲೇಜಿನಿಂದ ಬರುತ್ತಲೇ ಅವಳ ಬಾಯಿಂದ ಬರುತ್ತಿದ್ದ ಮಾತೇ ಅದು.

ಹತ್ತೊಂಬತ್ತು ವರ್ಷ. ಕಾಲೇಜಿನ ಎದುರು ರಸ್ತೆ ದಾಟುತ್ತಿದ್ದಳು, ಲಾರಿಯವನು ಹಿಂದೆ ನೋಡದೆ ಹಿಂದಕ್ಕೆ ಬಂದ. ಅದನ್ನು ಇನ್ನಷ್ಟು ವಿವರಿಸುವ ಮನಸ್ಸು ನನಗಿಲ್ಲ.

ಒಂಬತ್ತು ವಾರ ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು, ಅಲಾರಂ ಹಾಕುವ ಪ್ರಸಂಗವೇ ಬರಲಿಲ್ಲ. ಹತ್ತನೆಯ ವಾರ ಅಮ್ಮ ಅಂಗಡಿಗೆ ಹೋಗಲು ಶುರುಮಾಡಿದಳು, ಮಗ ಬೇಕರಿಯ ಮಧ್ಯಾಹ್ನದ ಪಾಳಿಗೆ ಹೋದ. ಆಗ ಈ ಸಂದೇಶ.

ಅವತ್ತು ಸಂಜೆ ಮೇಸ್ತ್ರಿ ಮನೆಗೆ ಬಂದು ಕೈಕಾಲು ತೊಳೆದು, ಹೆಂಡತಿ ತಟ್ಟೆಗೆ ಅನ್ನ ಬಡಿಸುವಾಗ ಕೇಳಿದ.

“ಮಧ್ಯಾಹ್ನ ಮನೆಗೆ ಬಂದಿದ್ಯಾ?”

“ನಾನ್ಯಾಕೆ ಬರ್ಲಿ? ಕೌಂಟರ್ ಬಿಟ್ಟು ಬಂದ್ರೆ ಮಾಲೀಕರು ಸುಮ್ನೆ ಬಿಡ್ತಾರಾ?”

“ಸುಮ್ನೆ ಕೇಳಿದೆ.”

“ಸುಮ್ನೆ ಯಾರೂ ಏನೂ ಕೇಳಲ್ಲ. ಬೇಳೆ ಹಾಕ್ಲಾ?”

ಮರುದಿನವೂ ಸಂದೇಶ ಬಂತು. ಅದರ ಮರುದಿನವೂ ಬಂತು, ನಾಲ್ಕು ಇಪ್ಪತ್ತು, ಹೆಚ್ಚೆಂದರೆ ನಾಲ್ಕು ಇಪ್ಪತ್ತೈದು. ಔಷಧಿ ಅಂಗಡಿ ಮನೆಯಿಂದ ನಾಲ್ಕು ನಿಮಿಷದ ದಾರಿ, ಹೆಂಡತಿಗೆ ನಾಲ್ಕು ಗಂಟೆಗೆ ಟೀ ಬಿಡುವು. ಮನೆಯಲ್ಲಿರುವ ಅಜ್ಜಿ ಅಂಕಿ ಬಾರದವಳು, ಆ ಪೆಟ್ಟಿಗೆ ಮುಟ್ಟುವವಳಲ್ಲ. ಲೆಕ್ಕ ಸರಿಹೋಯಿತು. ಇವಳೇ ಬಂದು ಮಗಳ ನಂಬರು ಒತ್ತಿ ಹೋಗುತ್ತಿದ್ದಾಳೆ, ನನ್ನ ಕರುಳು ಕಿವುಚಲಿಕ್ಕೇ ಮಾಡುತ್ತಿದ್ದಾಳೆ ಎಂದು ಮೇಸ್ತ್ರಿ ತೀರ್ಮಾನಿಸಿದ. ಸಿಟ್ಟು ಬಂತು. ಆದರೆ ನಾಲ್ಕು ಹದಿನೈದಕ್ಕೆ ಎಂಥ ಕೆಲಸವಿದ್ದರೂ ಬಿಟ್ಟು, ಸಿಗ್ನಲ್ ಸಿಗುವ ಜಾಗಕ್ಕೆ ಬಂದು ನಿಲ್ಲುವುದನ್ನೂ ಅವನು ತಪ್ಪಿಸಲಿಲ್ಲ.

ಹೆಂಡತಿಯ ತಪ್ಪು ಇದರಲ್ಲಿ ಏನೂ ಇರಲಿಲ್ಲ. ನಿಮ್ಮನ್ನು ಕಾಯಿಸುವುದು ನನಗಿಷ್ಟವಿಲ್ಲ, ಈಗಲೇ ಹೇಳಿಬಿಡುತ್ತೇನೆ. ಆ ಗುಂಡಿ ಒತ್ತುತ್ತಿದ್ದವಳು ಅಜ್ಜಿ.

ಅಜ್ಜಿಗೆ ಅಂಕಿ ಬಾರದು, ಅಕ್ಷರ ಬಾರದು. ಗುಂಡಿಪೆಟ್ಟಿಗೆ ಬಂದಾಗ ಅದರ ಹತ್ತಿರ ಹೋಗಲೂ ಹೆದರುತ್ತಿದ್ದಳು. ಗಿರಗಿಟ್ಲೆ ಅಜ್ಜಿಗೆಂದು ಕೊಟ್ಟಿದ್ದ ನಂಬರನ್ನು ಮೂರು ದಿನ ಕಲಿಸಿ ಸೋತಳು. ಕೊನೆಗೆ ಅಜ್ಜಿಯ ತೋರುಬೆರಳು ಹಿಡಿದು, “ಅಂಕಿ ಬೇಡ ಬಿಡು. ನನ್ನ ನಂಬರೇ ಒತ್ತು. ಇಬ್ರಿಗೂ ಒಂದೇ ಇರ್ಲಿ, ಯಾರಿಗೂ ಹೇಳ್ಬೇಡ” ಎಂದಳು. ಎಡಗಡೆ ಮೇಲಿನ ಮೂಲೆಯ ಗುಂಡಿ ನಮ್ಮ ಮನೆ. ನಟ್ಟನಡುವಿನದು ಅಮ್ಮನ ಅಂಗಡಿ. ಬಲಗಡೆ ಕೆಳಗಿನದು ಬಸ್ ಸ್ಟಾಪು. ಆಮೇಲೆ ತಿರುಗಿ ಮನೆ. “ದಿನಾ ನಾನು ಹೋಗಿ ಬರೋ ದಾರಿ ಅಜ್ಜಿ, ಅಷ್ಟೇ. ಮನೆ, ಅಂಗಡಿ, ಬಸ್ ಸ್ಟಾಪು, ಮನೆ.” ಅಜ್ಜಿ ಒಂದೇ ಸಲಕ್ಕೆ ಕಲಿತಳು. ಅದರಿಂದ ತನ್ನ ಹೆಸರು ಹೋಗುತ್ತದೋ ಮೊಮ್ಮಗಳ ಹೆಸರು ಹೋಗುತ್ತದೋ ಎಂಬುದೆಲ್ಲ ಅವಳಿಗೆ ಗೊತ್ತಿರಲಿಲ್ಲ. ಫೋನಿಗೆ ಏನೋ ಹೋಗುತ್ತದೆಂಬುದೇ ಗೊತ್ತಿರಲಿಲ್ಲ.

ನಾಲ್ಕು ಹತ್ತರ ಬಸ್ಸಿನಿಂದ ಮೊಮ್ಮಗಳು ಇಳಿಯುವಾಗ ಅಜ್ಜಿ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕಾಯುತ್ತಿದ್ದಳು. ಅದು ಇಬ್ಬರ ರೂಢಿ. ಈಗ ಇಳಿಯುವವರು ಇಲ್ಲವೆಂದು ಅಜ್ಜಿಗೆ ಚೆನ್ನಾಗಿ ಗೊತ್ತು, ಬುದ್ಧಿ ಸ್ವಾಧೀನದಲ್ಲೇ ಇತ್ತು. ಆದರೂ ಮೂರೂಮುಕ್ಕಾಲಾದರೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಕೊರಳಿನ ದಾರದಲ್ಲಿ ಬೀಗದಕೈ ಇತ್ತು. ಸೊಸೆ ಕಂಡರೆ ಸಂಕಟಪಡುತ್ತಾಳೆಂದು ಅಂಗಡಿಯ ಮುಂದೆ ಹಾಯದೆ ಹಿಂದಿನ ಓಣಿಯಲ್ಲಿ ಹೋಗಿ, ಬಸ್ಸಿನಿಂದ ಇಳಿದವರನ್ನೆಲ್ಲ ನೋಡಿ, ಬಸ್ಸು ಹೊರಟ ಮೇಲೆ ಅದೇ ಓಣಿಯಲ್ಲಿ ವಾಪಸಾಗುತ್ತಿದ್ದಳು. ಬಂದು ಮೊಮ್ಮಗಳು ಕಲಿಸಿದ ದಾರಿಯಲ್ಲಿ ಬೆರಳು ನಡೆಸುತ್ತಿದ್ದಳು.

ಎರಡನೆಯ ವಾರದ ಕೊನೆಗೆ ಮೇಸ್ತ್ರಿಗೆ ತಡೆಯಲಾಗಲಿಲ್ಲ. ಮಗನ ರಜೆಯ ದಿನ, ಮೂವರೂ ಊಟಕ್ಕೆ ಕೂತಿದ್ದರು. ಅಜ್ಜಿ ಮೊದಲೇ ಉಂಡು ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು.

“ಇದನ್ನ ನಿಲ್ಸು” ಎಂದು ಮೇಸ್ತ್ರಿ ಫೋನನ್ನು ಹೆಂಡತಿಯ ತಟ್ಟೆಯ ಪಕ್ಕಕ್ಕೆ ತಳ್ಳಿದ.

ಅವಳು ಓದಿದಳು. ಬೆರಳಿನಿಂದ ಮೇಲೆ ಸರಿಸಿದಳು. ಹನ್ನೊಂದು ಸಂದೇಶ.

“ಯಾವಾಗಿಂದ ಬರ್ತಿದೆ ಇದು?”

“ನಾಟಕ ಬೇಡ. ನೀನೇ ತಾನೆ ಒತ್ತೋದು?”

“ಅವಳ ನಂಬರ್ ನನಗೆ ಗೊತ್ತೇ ಇಲ್ಲ ಕಣ್ರೀ. ಕೇಳಿದಾಗೆಲ್ಲ ಗುಟ್ಟು ಅಂತಿದ್ಲು.” ಅವಳ ದನಿ ಏರಿತು. “ಹನ್ನೊಂದು ದಿನ ನೀವೊಬ್ರೇ ಓದ್ಕೊಂಡು ಕೂತಿದ್ರಾ? ನನಗೆ ತೋರಿಸ್ಬೇಕು ಅನ್ನಿಸ್ಲಿಲ್ವಾ? ಹೆತ್ತಿದ್ದು ನಾನು.”

“ಅಮ್ಮಾ, ಮೆಲ್ಲಗೆ” ಎಂದ ಮಗ. “ಅಜ್ಜಿಗೆ ಕೇಳ್ಸುತ್ತೆ.”

ಒಳಗಿನಿಂದ ಅಜ್ಜಿ, “ಏನೋ ಅದು ಗಲಾಟೆ?” ಎಂದಳು.

“ಏನಿಲ್ಲಮ್ಮ” ಎಂದ ಮೇಸ್ತ್ರಿ. “ಲೈಟ್ ಬಿಲ್ಲು.”

ದನಿ ತಗ್ಗಿಸಿ ಜಗಳ ಮುಂದುವರಿಯಿತು. ಮೇಸ್ತ್ರಿ ಮಗನ ಕಡೆ ನೋಡಿದ. ಮಗ, “ಆ ಹೊತ್ತಲ್ಲಿ ನಾನು ಓವನ್ ಮುಂದೆ ಬೆಂದುಹೋಗ್ತಿರ್ತೀನಿ, ನನ್ನ ಯಾಕೆ ನೋಡ್ತೀರಾ?” ಎಂದ. ಯಂತ್ರ ಕೆಟ್ಟಿರಬೇಕು ಎಂದು ಮೂವರೂ ಒಪ್ಪಿದರು. ಒಪ್ಪಿದ್ದು ಅದೊಂದನ್ನೇ. ಕಂಪನಿಯವರನ್ನು ಕರೆಸಿ ಅವಳ ಹೆಸರು ತೆಗೆಸೋಣ ಎಂದು ಮೇಸ್ತ್ರಿ.

“ತೆಗೆಸಿ ನೋಡಿ” ಎಂದಳು ಹೆಂಡತಿ. “ಕಾಲೇಜಿನ ರಿಜಿಸ್ಟರಲ್ಲಿ ತೆಗೆದ್ರು. ಬಸ್ ಪಾಸ್ ವಾಪಸ್ ತಗೊಂಡ್ರು. ಇನ್ನೊಂದು ಕಡೆ ಉಳ್ಕೊಂಡಿದೆ, ಅದನ್ನೂ ಅಳಿಸಿ. ಆಮೇಲೆ ನನ್ನನ್ನ ಈ ಮನೇಲಿ ಹುಡುಕ್ಬೇಡಿ.”

“ಹಾಗಾದ್ರೆ ದಿನಾ ನಾನು ಇದನ್ನ ಓದ್ತಾ ಸಾಯ್ಬೇಕಾ?”

“ನನಗೆ ಕಳ್ಸಿ. ನಾನು ಓದ್ತೀನಿ.”

ಅಜ್ಜಿ ಮಡಿಸಿದ ಬಟ್ಟೆ ತಂದಿಟ್ಟು, “ಬಿಲ್ಲು ಅಷ್ಟೊಂದು ಬಂದಿದ್ಯಾ? ಬೇಕಾದ್ರೆ ನನ್ನ ಕೋಣೆ ಫ್ಯಾನು ಹಾಕಲ್ಲ” ಎಂದಳು. ಅವತ್ತಿನಿಂದ ಅಜ್ಜಿ ಫ್ಯಾನು ಹಾಕುವುದನ್ನು ಬಿಟ್ಟಳು, ಅದು ಯಾರ ಗಮನಕ್ಕೂ ಬರಲಿಲ್ಲ.

ಮೂರನೆಯ ವಾರ ಸಂದೇಶ ಮೇಸ್ತ್ರಿಯ ಫೋನಿಂದ ಹೆಂಡತಿಯ ಫೋನಿಗೆ ಹೋಗತೊಡಗಿತು. ಅವಳು ಅದನ್ನು ಕೌಂಟರಿನ ಕೆಳಗೆ, ಕೆಮ್ಮಿನ ಔಷಧಿಯ ಬಾಟಲಿಗಳ ನಡುವೆ ಇಟ್ಟುಕೊಂಡು ಓದುತ್ತಿದ್ದಳು. ‘ಹಸಿವು’ ಎಂಬ ಮಾತಿನ ಮೇಲೆ ಅವಳ ಕಣ್ಣು ನಿಲ್ಲುತ್ತಿತ್ತು. ಮೂರು ದಿನ ಹಾಗೇ ಓದಿದಳು. ನಾಲ್ಕನೆಯ ದಿನ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಮೊಟ್ಟೆ ಬೇಯಿಸಿ ಸುಲಿದು, ಎರಡು ಬ್ರೆಡ್ಡಿಗೆ ಬೆಣ್ಣೆ ಸವರಿ, ತಟ್ಟೆಯಲ್ಲಿಟ್ಟು ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಮೇಜಿನ ಮೇಲಿಟ್ಟಳು. ಮಗಳಿಗೆ ಎರಡು ವರ್ಷ ದಿನಾ ಮಾಡಿಟ್ಟಿದ್ದೂ ಅದನ್ನೇ. ಹುಚ್ಚೇನೋ ಎಂದು ತನ್ನನ್ನೇ ಬೈದುಕೊಂಡಳು, ತೆಗೆಯಲಿಲ್ಲ.

ಸಂಜೆ ಏಳಕ್ಕೆ ಬಂದಾಗ ಮೇಜು ಖಾಲಿ. ತಟ್ಟೆ ತೊಳೆದು ಕವುಚಿಟ್ಟಿತ್ತು.

ಅಜ್ಜಿಯೇ ತಿಂದಿದ್ದಳು, ಇನ್ಯಾರು ತಿನ್ನಬೇಕು? ಬಸ್ ಸ್ಟಾಪಿನಿಂದ ಬಂದು ಮುಚ್ಚಿದ ತಟ್ಟೆ ತೆರೆದು ನೋಡಿ, ಪಾಪ, ಸೊಸೆ ಎಷ್ಟು ನೊಂದಿದ್ದರೂ ನನ್ನನ್ನು ಮರೆತಿಲ್ಲ ಎಂದು ಅವಳ ಕಣ್ಣು ತುಂಬಿತು. ಮೊಟ್ಟೆ ಅವಳ ಹೊಟ್ಟೆಗೆ ಆಗುವುದಿಲ್ಲ. ಆದರೂ ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾಳೆಂದು ಪೂರ್ತಿ ತಿಂದಳು.

ಸೊಸೆ ಖಾಲಿ ತಟ್ಟೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ಒಂದು ಮಾತು ಕೇಳಿದ್ದರೆ ಅಲ್ಲೇ ಎಲ್ಲ ಬಗೆಹರಿಯುತ್ತಿತ್ತು. ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ, ಅದೇ ಅವಳಿಗೆ ಭಯ. ಮರುದಿನ ಮತ್ತೆ ಮೊಟ್ಟೆ ಬೇಯಿಸಿದಳು. ಮಗ ನೋಡಿದ.

“ಯಾರಿಗಮ್ಮ ಇದು?”

“ಇರ್ಲಿ ಬಿಡು.”

“ಯಾರಿಗೆ?”

“ನಿನಗೆ ಬೇಕಾದ್ರೆ ಇನ್ನೊಂದು ಬೇಯಿಸ್ಕೋ. ಇದನ್ನ ಮುಟ್ಬೇಡ.”

ಮಗ ಅಪ್ಪನಿಗೆ ಹೇಳಿದ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದ.

ನಾಲ್ಕನೆಯ ವಾರ ಮೇಸ್ತ್ರಿಯ ಕೈಗೆ ಪೆಟ್ಟಾಯಿತು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಆಗದ್ದು. ಲಿಫ್ಟಿನ ಮೇಲೆ ಹತ್ತುವವನು ಮೊದಲು ಕೆಂಪು ಗುಂಡಿ ಒತ್ತಿ ಅದನ್ನು ನಿಲ್ಲಿಸಬೇಕು. ಹೊಸಬರಿಗೆ ಮೊದಲ ದಿನವೇ ಅವನು ಕಲಿಸುವ ಪಾಠ ಅದು. ಅವತ್ತು ನಾಲ್ಕು ಇಪ್ಪತ್ತಾಗಿತ್ತು, ಅವನು ಕೆಂಪು ಗುಂಡಿ ಬಿಟ್ಟು ಫೋನು ನೋಡಿದ. ಕೆಳಗೆ ಯಾರೋ ಲಿಫ್ಟು ಕರೆದರು. ಎಡಗೈಯ ಎರಡು ಬೆರಳು ಜಜ್ಜಿಹೋದವು. ಜೊತೆಯವನು ಅವನನ್ನು ಮನೆಗೆ ಕರೆತಂದು, ಮಗನನ್ನು ಬಾಗಿಲಾಚೆ ಕರೆದು ಹೇಳಿದ.

“ದಿನಾ ಆ ಹೊತ್ತಿಗೆ ಫೋನ್ ಹಿಡ್ಕೊಂಡು ನಿಂತಿರ್ತಾರೆ. ಇವತ್ತು ಬೆರಳಿಗೆ ಹೋಯ್ತು. ನಾಳೆ ತಲೆ ಹೋದ್ರೆ?”

ಮಗನಿಗೆ ಇಪ್ಪತ್ತನಾಲ್ಕು ವರ್ಷ. ತಂಗಿ ಹೋದಾಗಿನಿಂದ ಅವನು ಅತ್ತಿರಲಿಲ್ಲ, ಯಾರಾದರೊಬ್ಬರು ಗಟ್ಟಿಯಾಗಿರಬೇಕಲ್ಲ ಎಂದುಕೊಂಡಿದ್ದ. ಗಟ್ಟಿಯಾಗಿರುವವರು ಮಾಡುವ ತಪ್ಪನ್ನೇ ಅವನೂ ಮಾಡಿದ. ಯಾರಿಗೂ ಹೇಳದೆ ಅಲಾರಂ ಕಂಪನಿಗೆ ಫೋನು ಮಾಡಿದ.

ಮುಂದಿನ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಒಬ್ಬ ಟೆಕ್ನೀಷಿಯನ್ ಬಂದ. ಅಮ್ಮ ಅಂಗಡಿಯಲ್ಲಿದ್ದಳು. ಅಪ್ಪ ಬೆರಳಿಗೆ ಪಟ್ಟಿ ಸುತ್ತಿಕೊಂಡೇ ವರ್ಕ್‌ಶಾಪಿಗೆ ಹೋಗಿದ್ದ, ಲಿಫ್ಟು ಹತ್ತದೆ ಕೂತು ಮಾಡುವ ಕೆಲಸಕ್ಕೆ. ಅಜ್ಜಿ ಸ್ನಾನಕ್ಕೆ ಹೋಗಿದ್ದಳು.

“ಮಾಸ್ಟರ್ ನಂಬರ್ ಹೇಳಿ” ಎಂದ ಟೆಕ್ನೀಷಿಯನ್.

“ಅದು ನನ್ನ ತಂಗಿಗೆ ಮಾತ್ರ ಗೊತ್ತಿತ್ತು.”

“ಒಂದ್ಸಲ ಫೋನ್ ಮಾಡಿ ಕೇಳಿ ಸಾರ್.”

ಮಗ ಗೋಡೆ ನೋಡಿದ. “ಆಗಲ್ಲ” ಎಂದ.

“ಹಾಗಾದ್ರೆ ಎಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು. ಎಲ್ಲರ ನಂಬರೂ ಹೋಗುತ್ತೆ, ಹೆಸರೂ ಹೋಗುತ್ತೆ. ಪರವಾಗಿಲ್ವಾ?”

ಯಜಮಾನರ ಸವಾರಿ, ಹೈಕಮಾಂಡ್, ಹಿಟ್ಟಿನ ಮೂಟೆ, ಮಹಾರಾಣಿ. ಅವಳೊಬ್ಬಳ ಹೆಸರು ಹೋಗುತ್ತದೆಂದುಕೊಂಡಿದ್ದ, ಈಗ ಅವಳು ಇಟ್ಟ ಹೆಸರೆಲ್ಲ ಹೋಗುತ್ತದೆ. ಬೇಡ ಎನ್ನಬಹುದಿತ್ತು. ಅಪ್ಪನ ಬೆರಳು ನೆನಪಾಯಿತು, ಅಮ್ಮನ ಮೊಟ್ಟೆ ನೆನಪಾಯಿತು.

“ಪರವಾಗಿಲ್ಲ, ಹಾಕಿ” ಎಂದ.

ಮೂರು ಹೊಸ ನಂಬರು ಹಾಕಿಸಿದ, ಅಪ್ಪನಿಗೆ, ಅಮ್ಮನಿಗೆ, ತನಗೆ. ಅಜ್ಜಿಗೆ ಹಾಕಿಸಲಿಲ್ಲ. ತಂಗಿ ಹೋದ ಮೇಲೆ ಅಜ್ಜಿ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲವಲ್ಲ, ಆ ಗುಂಡಿಪೆಟ್ಟಿಗೆಯನ್ನು ಮುಟ್ಟುವುದಿಲ್ಲವಲ್ಲ. ಹೊಸ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡ. ಅಪ್ಪ ಅಮ್ಮ ಬರುವಾಗ ಅಜ್ಜಿ ಮನೆಯಲ್ಲೇ ಇರುತ್ತಾಳೆ, ಅಲಾರಂ ಹಾಕಿರುವುದಿಲ್ಲ. ಊಟದ ಹೊತ್ತಿಗೆ ನಿಧಾನವಾಗಿ ತಿಳಿಸಿದರಾಯಿತು ಎಂದು ಒಂದು ಗಂಟೆಗೆ ಬೇಕರಿಗೆ ಹೋದ.

ನಾಲ್ಕು ಇಪ್ಪತ್ತಕ್ಕೆ ಅಜ್ಜಿ ಬೀಗ ತೆಗೆದು ಒಳಗೆ ಬಂದಳು. ಪೆಟ್ಟಿಗೆ ಎಂದಿನಂತೆ ಪೀಂ ಪೀಂ ಎನ್ನತೊಡಗಿತು. ಮನೆ, ಅಂಗಡಿ, ಬಸ್ ಸ್ಟಾಪು, ಮನೆ. ಕೆಂಪು ದೀಪ ಹೋಗಲಿಲ್ಲ. ಬೆರಳು ಜಾರಿತೇನೋ ಎಂದು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಮೂರನೆಯ ಸಲ ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು, ನಿಧಾನವಾಗಿ ಒತ್ತಿದಳು. ಸೈರನ್ ಕೂಗಿತು.

ಮೇಸ್ತ್ರಿ ಆ ಹೊತ್ತಿಗೆ ವರ್ಕ್‌ಶಾಪಿನಲ್ಲಿ ಫೋನು ಎದುರಿಗಿಟ್ಟುಕೊಂಡೇ ಕೂತಿದ್ದ. ‘ತಪ್ಪು ಸಂಖ್ಯೆ, ಮೂರು ಬಾರಿ. ಸೈರನ್ ಚಾಲೂ’ ಎಂದು ಬಂತು. ಒಂದೇ ಕೈಯಲ್ಲಿ ಸ್ಕೂಟರು ಓಡಿಸಿಕೊಂಡು ಬಂದ. ಅವನ ಹೆಂಡತಿಗೆ ಕೌಂಟರಿನಲ್ಲೇ ಸದ್ದು ಕೇಳಿತ್ತು. ಯಾರಿಗೋ ಕೊಡುತ್ತಿದ್ದ ಮಾತ್ರೆಯ ಪಟ್ಟಿಯನ್ನು ಕೈಯಲ್ಲೇ ಹಿಡಿದು ಓಡಿ ಬಂದಿದ್ದಳು. ಬೀದಿಯವರು ಗೇಟಿನಾಚೆ ಸೇರಿದ್ದರು.

ಒಳಗೆ ಅಜ್ಜಿ ಇನ್ನೂ ಒತ್ತುತ್ತಲೇ ಇದ್ದಳು. ಮೇಲೆ, ನಡುವೆ, ಕೆಳಗೆ, ಮೇಲೆ. ಸೊಸೆ ಹೋಗಿ ಆ ಕೈ ಹಿಡಿದಳು. ಅಜ್ಜಿ ಏನೋ ಹೇಳಿದಳು, ಕೇಳಿಸಲಿಲ್ಲ. ಸೊಸೆ ಕಿವಿಯನ್ನು ಅವಳ ಬಾಯಿಗೆ ತಂದಳು.

“ಮಗು ಹೇಳ್ಕೊಟ್ಟ ಹಾಗೇ ಒತ್ತಿದೆ ಕಣಮ್ಮ. ದಿನಾ ಒತ್ತೋ ಹಾಗೇ ಒತ್ತಿದೆ. ಇವತ್ತು ನನ್ನ ಗುರ್ತೇ ಹಿಡೀತಿಲ್ಲ.”

ಸೊಸೆಯ ಕಣ್ಣು ಮೇಜಿನ ಮೇಲಿನ ಮುಚ್ಚಿದ ತಟ್ಟೆಗೆ ಹೋಯಿತು. ನಾಲ್ಕು ವಾರದಿಂದ ಯಾರು ಬರುತ್ತಿದ್ದರು, ಯಾರು ತಿನ್ನುತ್ತಿದ್ದರು ಎಂಬುದೆಲ್ಲ ಅವಳಿಗೆ ಒಂದೇ ಸಲಕ್ಕೆ ತಿಳಿಯಿತು.

ಮೇಸ್ತ್ರಿ ತನ್ನ ಹಳೆಯ ನಂಬರು ಒತ್ತಿದ. ಹೆಂಡತಿಯದನ್ನು ಒತ್ತಿದ. ಯಾವುದೂ ಹಿಡಿಯಲಿಲ್ಲ. ಮಗನಿಗೆ ಫೋನು ಮಾಡಿದ. ಹಿಟ್ಟಿನಲ್ಲಿ ಕೈಯಿದ್ದ ಮಗ ಮೂರು ಸಲ ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿ, ಆ ಕೂಗು ಕೇಳಿ ಓಡತೊಡಗಿದ.

ಅವನು ಬರುವವರೆಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಆ ಸದ್ದಿನಲ್ಲಿ ಯಾರು ಏನು ಹೇಳಿದರೂ ಕೇಳುವಂತಿರಲಿಲ್ಲ. ಆಗ ಅಮ್ಮ ಅತ್ತಳು. ಆಸ್ಪತ್ರೆಯಲ್ಲಿ ಅಳದವಳು, ಹದಿಮೂರು ವಾರ ನೆಂಟರ ಮುಂದೆ, ಗಂಡನ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದವಳು ನೆಲಕ್ಕೆ ಕುಸಿದು ಬಾಯಿಬಿಟ್ಟು ಅತ್ತಳು. ಮೇಸ್ತ್ರಿ ಗೋಡೆಗೆ ಹಣೆಯಿಟ್ಟು ಮಗಳ ಹೆಸರು ಹಿಡಿದು ಕೂಗುತ್ತಿದ್ದ. ಅವನ ಬೆನ್ನು ಅಲ್ಲಾಡುವುದು ಕಾಣುತ್ತಿತ್ತೇ ಹೊರತು ದನಿ ಕೇಳುತ್ತಿರಲಿಲ್ಲ. ಅಜ್ಜಿ ಇಬ್ಬರ ನಡುವೆ ನಿಂತು, ಯಾರ ಬೆನ್ನು ಮೊದಲು ಸವರಬೇಕೆಂದು ತಿಳಿಯದೆ ಅತ್ತಿತ್ತ ನೋಡುತ್ತಿದ್ದಳು.

ಮಗ ಮೈಯೆಲ್ಲ ಹಿಟ್ಟಿನೊಂದಿಗೆ ಓಡಿ ಬಂದು, ಚೀಟಿ ತೆಗೆದು, ಹೊಸ ನಂಬರು ಒತ್ತಿದ. ಸೈರನ್ ಥಟ್ಟನೆ ನಿಂತಿತು. ಅಮ್ಮನ ಅಳು ನಿಲ್ಲಲಿಲ್ಲ. ಗೇಟಿನಾಚೆ ನಿಂತವರಿಗೂ ಅದು ಕೇಳಿತು, ಒಬ್ಬೊಬ್ಬರಾಗಿ ಚದುರಿದರು.

ಅವತ್ತು ಸಂಜೆ ಒಲೆ ಹಚ್ಚಲು ಯಾರಿಗೂ ಮನಸ್ಸಿರಲಿಲ್ಲ. ಮಗ ಮತ್ತೆ ಬೇಕರಿಗೆ ಹೋಗಿ ತಂದ ಬ್ರೆಡ್ಡನ್ನು ನಾಲ್ವರೂ ಮೇಜಿನ ಸುತ್ತ ಕೂತು ತಿಂದರು.

“ನಾನೇ ತೆಗೆಸ್ದೆ” ಎಂದ ಮಗ. “ಅಪ್ಪನ ಕೈ ನೋಡಿ ಆಗ್ಲಿಲ್ಲ. ಎಲ್ಲ ಹೋಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಆಗ್ಲಾದ್ರೂ ಬೇಡ ಅನ್ಬೇಕಿತ್ತು ಅಮ್ಮ, ಅನ್ನಲಿಲ್ಲ.”

ಅಮ್ಮ ಅವನನ್ನು ನೋಡಲಿಲ್ಲ. ಬೈಯಲೂ ಇಲ್ಲ. ಅವನ ತಟ್ಟೆಗೆ ಇನ್ನೊಂದು ಚೂರು ಬ್ರೆಡ್ಡು ಹಾಕಿದಳು.

“ಇಷ್ಟು ದಿನ ಲೈಟ್ ಬಿಲ್ಲು ಅಂದದ್ದು ಇದಾ?” ಎಂದಳು ಅಜ್ಜಿ.

“ಹೂಂ ಅಮ್ಮಾ.”

“ಅದಕ್ಕೆ ನಾನು ಸೆಕೆಯಲ್ಲಿ ಸತ್ತೆ.” ಎಲ್ಲರಿಗೂ ನಗು ಬಂದು ಅರ್ಧಕ್ಕೆ ನಿಂತಿತು. ಅಜ್ಜಿ ಸೊಸೆಯ ಕಡೆ ತಿರುಗಿದಳು. “ಆ ಮೊಟ್ಟೆ ನನಗಲ್ಲ ಅಂತ ಗೊತ್ತಿರ್ಲಿಲ್ಲ ಕಣಮ್ಮ. ನನಗೇ ಇಟ್ಟಿದ್ದೀಯ ಅಂದ್ಕೊಂಡೆ.”

“ನಿಮಗೇ ಅತ್ತೆ” ಎಂದಳು ಸೊಸೆ. “ತಿಂದೋರು ನೀವೇ ಅಲ್ವಾ.”

ಮೇಸ್ತ್ರಿ ಕಾಗದದ ಮೇಲೆ ಒಂಬತ್ತು ಗುಂಡಿ ಬರೆದು ಅಜ್ಜಿಯ ಮುಂದಿಟ್ಟ. ಅಜ್ಜಿ ತಾನು ದಿನಾ ಬಸ್ ಸ್ಟಾಪಿಗೆ ಹೋಗಿ ಬರುವುದನ್ನು ಹೇಳುತ್ತಾ ಬೆರಳಿಟ್ಟು ದಾರಿ ತೋರಿಸಿದಳು. ಒಂದು, ಐದು, ಒಂಬತ್ತು, ಒಂದು. ಕೊನೆಯದಕ್ಕೆ ಬಂದಾಗ “ಆಮೇಲೆ ಮನೆ” ಎಂದು ಬೆರಳನ್ನು ಅಲ್ಲೇ ಇಟ್ಟುಕೊಂಡಳು. ಮಗ ಎದ್ದುಹೋಗಿ ಆ ನಂಬರನ್ನು ಪೆಟ್ಟಿಗೆಗೆ ಹಾಕಿದ. ಯಂತ್ರ ಹೆಸರು ಕೇಳಿತು.

“ಅವಳದೇ ಹಾಕು” ಎಂದಳು ಅಮ್ಮ. “ಇದ್ದ ಹಾಗೇ ಇರ್ಲಿ.”

ಮೇಸ್ತ್ರಿ ಬೇಡ ಎನ್ನಲಿಲ್ಲ. ಅವನಿಗೂ ಅದೇ ಬೇಕಿತ್ತು. ಮಗ ಅಜ್ಜಿಯನ್ನು ನೋಡಿದ.

“ಬೇಡಪ್ಪ” ಎಂದಳು ಅಜ್ಜಿ. “ಅಜ್ಜಿ ಬಂದಳು ಅಂತ ಹಾಕು. ಬರೋಳು ನಾನು ತಾನೆ.”

ಹತ್ತು ದಿನ ಕಳೆದು ಬೆರಳಿನ ಪಟ್ಟಿ ಬಿಚ್ಚಿದರು, ಮೇಸ್ತ್ರಿ ಲಿಫ್ಟಿನ ಕೆಲಸಕ್ಕೆ ಮರಳಿದ. ಅವತ್ತು ನಾಲ್ಕು ಇಪ್ಪತ್ತಕ್ಕೆ ಕೆಂಪು ಗುಂಡಿ ಒತ್ತಿದ್ದೇನೆಂದು ಎರಡು ಸಲ ನೋಡಿಕೊಂಡು ಫೋನು ತೆಗೆದ. ‘ಮನೆ ತೆರೆದವರು: ಅಜ್ಜಿ ಬಂದಳು.’ ಅದನ್ನು ಓದಿ, ಮನೆಗೆ ಫೋನು ಮಾಡಿದ.

“ಬಂದ್ಯಾ ಅಮ್ಮಾ?”

“ಬಂದೆ. ಈಗಷ್ಟೇ ಬೀಗ ತೆಗ್ದೆ.”

“ಬಸ್ಸು ಹೊತ್ತಿಗೆ ಸರಿಯಾಗಿ ಬಂತಾ?”

“ಬಂತು. ತುಂಬಾ ಜನ ಇಳಿದ್ರು.”

ಮೇಸ್ತ್ರಿ ಫೋನು ಇಡಲಿಲ್ಲ. ಆ ಕಡೆಯಿಂದ ಅಜ್ಜಿಯೂ ಇಡಲಿಲ್ಲ.

“ಒಬ್ಬಳೇ ಬಂದೆ ಕಣಪ್ಪ” ಎಂದಳು.